ಗಾಳಿಯಿಂದ ತಣಿಯುವ ಮೋಟಾರು ಸೈಕಲ್ಲಿಗೆ ತಕ್ಕ ಕೀಲೆಣ್ಣೆ: ಜಮಖಂಡಿ-ಮುಧೋಳ ಸೀಮೆಯನ್ನು ಕುರಿತ ಒಂದು ವಿವೇಚನೆ

ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ಈ ನಾಲ್ಕು ತಾಲೂಕುಗಳ ಜನಜೀವನದಲ್ಲಿ ಹಿಂದೆ ಎತ್ತಿನ ಬಂಡಿಗಿದ್ದ ಸ್ಥಾನವನ್ನು ಇಂದು ಬಹುಮಟ್ಟಿಗೆ ಮೋಟಾರು ಸೈಕಲ್ಲು ಪಡೆದುಕೊಂಡಿದೆ. ಹೊಲಕ್ಕೆ ಗೊಬ್ಬರದ ಚೀಲ, ಡೈರಿಗೆ ಹಾಲಿನ ಕ್ಯಾನು, ಮಗ್ಗದ ಮನೆಗೆ ನೂಲಿನ ಗಂಟು, ಕಾಲೇಜಿಗೆ ಅಧ್ಯಾಪಕರು, ಎಲ್ಲವೂ ಎಲ್ಲರೂ ಇದರ ಮೇಲೆಯೇ ಸಾಗಬೇಕು. ಎಂಜಿನ್ನು ಅಕಾಲದಲ್ಲಿ ಸವೆದು, ಸಿಲಿಂಡರನ್ನು ಕೊರೆಸಿ ಹೊಸ ಪಿಸ್ಟನ್ ಹಾಕಿಸಬೇಕಾಗಿ ಬಂದರೆ ಒಬ್ಬ ನೇಕಾರನ ಹಲವು ದಿನಗಳ ದುಡಿಮೆ ಅದಕ್ಕೇ ಸಂದುಹೋಗುತ್ತದೆ. ಹೀಗಿದ್ದರೂ ಎಂಜಿನ್ನಿನ ಆಯುಸ್ಸನ್ನು ಬಹುಪಾಲು ನಿರ್ಣಯಿಸುವ ಕೀಲೆಣ್ಣೆಯ ಆಯ್ಕೆಯು ಅಂಗಡಿಯವನ ಅಥವಾ ಮೇಸ್ತ್ರಿಯ ಒಂದು ಮಾತಿನ ಮೇಲೆ ನಡೆದುಹೋಗುತ್ತದೆ. ಆ ಮಾತು ಸಾಮಾನ್ಯವಾಗಿ "ನಮ್ಮದು ಬಿಸಿಲ ಸೀಮೆ, ದಪ್ಪನೆಯ ಎಣ್ಣೆ ಹಾಕಿಸಿರಿ" ಎಂಬುದು.

ಈ ಮಾತು ಪೂರ್ಣ ಸುಳ್ಳಲ್ಲ, ಪೂರ್ಣ ನಿಜವೂ ಅಲ್ಲ. ಇದರಲ್ಲಿ ನಿಜವೆಷ್ಟು ಎಂಬುದನ್ನು ಭೌತಶಾಸ್ತ್ರದ ಪರಿಚಿತ ತತ್ತ್ವಗಳ ಸಹಾಯದಿಂದ ಅಳೆದು ನೋಡುವುದೇ ಪ್ರಕೃತ ಲೇಖನದ ಉದ್ದೇಶ. ಇಲ್ಲಿ ವಿವೇಚಿಸುವುದು ಒಂದೇ ಸಿಲಿಂಡರುಳ್ಳ, ಗಾಳಿಯಿಂದ ತಣಿಯುವ, ನಾಲ್ಕು ಹೊಡೆತದ ಎಂಜಿನ್ನನ್ನು ಮಾತ್ರ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಹೊರಬಂದ ಜಾವಾ ಮತ್ತು ಯೆಜ್ಡಿ ವಾಹನಗಳು ಎರಡು ಹೊಡೆತದವು. ಅವುಗಳಲ್ಲಿ ಎಣ್ಣೆಯನ್ನು ಪೆಟ್ರೋಲಿನೊಡನೆ ಬೆರೆಸಲಾಗುತ್ತಿತ್ತು. ಅದು ತನ್ನ ಕೆಲಸ ಮುಗಿಸಿ ಉರಿದು ಹೊಗೆಯಾಗಿ ಹೊರಟುಹೋಗುತ್ತಿತ್ತು. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂದ ಮೇಲೆ ನಾಲ್ಕು ಹೊಡೆತದ ಸಣ್ಣ ಎಂಜಿನ್ನು ನಮ್ಮಲ್ಲಿ ಮನೆಮಾತಾಯಿತು. ಇದರಲ್ಲಿ ಎಣ್ಣೆ ಉರಿದುಹೋಗುವುದಿಲ್ಲ. ತಿಂಗಳುಗಟ್ಟಲೆ ಅದೇ ಎಣ್ಣೆ ಅದೇ ಎಂಜಿನ್ನಿನೊಳಗೆ ಸುತ್ತುತ್ತಿರುತ್ತದೆ. ಕಡಿಮೆಯಾದಾಗ ಒಂದಿಷ್ಟು ಸುರಿದರೆ ಸಾಕೆಂಬ ಹಳೆಯ ರೂಢಿ ಮಾತ್ರ ಕೆಲವರಲ್ಲಿ ಇನ್ನೂ ಉಳಿದುಬಂದಿದೆ. ಹಳೆಯ ಎಂಜಿನ್ನಿಗೆ ಸಲ್ಲುತ್ತಿದ್ದ ಆ ರೂಢಿ ಈ ಎಂಜಿನ್ನಿಗೆ ಸಲ್ಲದು.

ದಪ್ಪ, ತೆಳು ಎಂದು ನಾವು ಆಡುಮಾತಿನಲ್ಲಿ ಹೇಳುವ ಗುಣಕ್ಕೆ ಶಾಸ್ತ್ರದಲ್ಲಿ ಸ್ನಿಗ್ಧತೆಯೆಂದು ಹೆಸರು. ದ್ರವದ ಒಂದು ಪದರವು ಇನ್ನೊಂದರ ಮೇಲೆ ಜಾರುವಾಗ ಒಡ್ಡುವ ಪ್ರತಿರೋಧವೇ ಇದು. ಬಂಡಿಯ ಅಚ್ಚಿಗೆ ಔಡಲೆಣ್ಣೆಯಂಥ ಜಿಗುಟಾದ ಕೀಲೆಣ್ಣೆಯನ್ನೂ, ಹೊಲಿಗೆಯಂತ್ರಕ್ಕೆ ನೀರಿನಂತೆ ಹರಿಯುವ ಎಣ್ಣೆಯನ್ನೂ ಹಾಕಬೇಕೆಂಬುದನ್ನು ನಮ್ಮ ಜನ ಯಾವ ಗ್ರಂಥವನ್ನೂ ಓದದೆಯೇ ತಿಳಿದಿದ್ದರು. ಬನಹಟ್ಟಿಯ ವಿದ್ಯುನ್ಮಗ್ಗದ ನೇಕಾರನೂ ಬಿರುಸಾಗಿ ತಿರುಗುವ ಕದಿರಿಗೆ ಒಂದು ಎಣ್ಣೆ, ಭಾರ ಹೊರುವ ಹಲ್ಲುಗಾಲಿಗೆ ಇನ್ನೊಂದು ಎಂದು ಬೇರೆ ಮಾಡುತ್ತಾನೆ. ಈ ಅನುಭವದ ಹಿಂದಿರುವ ನಿಯಮವನ್ನು ಗಣಿತದಲ್ಲಿ ನಿರೂಪಿಸಿದವನು ಆಸ್‌ಬರ್ನ್ ರೆನಾಲ್ಡ್ಸ್. ರೈಲುಗಾಡಿಯ ಅಚ್ಚುಗಳನ್ನು ಕುರಿತು ಬೋಚಂಪ್ ಟವರ್ ಎಂಬ ಎಂಜಿನಿಯರನು ನಡೆಸಿದ ಪ್ರಯೋಗಗಳನ್ನು ಆಧರಿಸಿ ರೆನಾಲ್ಡ್ಸನು 1886ರಲ್ಲಿ ತೋರಿಸಿದ್ದೇನೆಂದರೆ, ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಸಂದಿಯೊಳಕ್ಕೆ ಎಳೆದುಕೊಂಡು, ಅಲ್ಲಿ ಉಂಟಾಗುವ ಒತ್ತಡದ ಮೇಲೆ ತೇಲುತ್ತದೆ. ಹೀಗೆ ತೇಲುವ ಪದರದ ದಪ್ಪವು ಸ್ನಿಗ್ಧತೆಯೊಡನೆ ಹೆಚ್ಚುತ್ತದೆ, ವೇಗದೊಡನೆಯೂ ಹೆಚ್ಚುತ್ತದೆ, ಭಾರದೊಡನೆ ಕುಗ್ಗುತ್ತದೆ. ವೇಗವಿಲ್ಲದೆಡೆ ಸ್ನಿಗ್ಧತೆ ಬೇಕು. ವೇಗವಿದ್ದೆಡೆ ಅದು ಅತಿಯಾದರೆ ಶಕ್ತಿಯೆಲ್ಲ ಎಣ್ಣೆಯನ್ನು ಕಲಕುವುದರಲ್ಲಿಯೇ ವ್ಯರ್ಥವಾಗಿ ಶಾಖವಾಗುತ್ತದೆ.

ಮೋಟಾರು ಸೈಕಲ್ಲಿನ ಎಂಜಿನ್ನಿನ ತೊಡಕು ಇರುವುದೇ ಇಲ್ಲಿ. ಕವಾಟವನ್ನು ಒತ್ತುವ ಕ್ಯಾಮು, ನಿಮಿಷಕ್ಕೆ ಸಾವಿರಾರು ಸಲ ಸುತ್ತುವ ಕ್ರ್ಯಾಂಕು, ಪ್ರತಿ ಹೊಡೆತದ ಕೊನೆಯಲ್ಲಿ ಕ್ಷಣಕಾಲ ನಿಂತು ಹಿಂದಿರುಗುವ ಪಿಸ್ಟನ್, ಒಂದನ್ನೊಂದು ಅರೆಯುವ ಗೇರಿನ ಹಲ್ಲುಗಳು, ಅದೇ ಎಣ್ಣೆಯಲ್ಲಿ ಮುಳುಗಿರುವ ಕ್ಲಚ್ಚಿನ ಬಿಲ್ಲೆಗಳು, ಇವೆಲ್ಲಕ್ಕೂ ಒಂದೇ ಎಣ್ಣೆ. ಕಾರಿನಲ್ಲಿ ಗೇರಿಗೆ ಬೇರೆ ಎಣ್ಣೆ. ಕ್ಲಚ್ಚಿಗೆ ಸಾಮಾನ್ಯವಾಗಿ ಎಣ್ಣೆಯೇ ಇಲ್ಲ. ಇಷ್ಟೆಲ್ಲ ಕೆಲಸಕ್ಕೆ ನೂರು ಸಿ.ಸಿ.ಯ ವಾಹನದಲ್ಲಿ ಇರುವ ಎಣ್ಣೆಯಾದರೂ ಸುಮಾರು ಒಂದು ಲೀಟರು ಮಾತ್ರ.

ಇನ್ನು ತಣಿಸುವಿಕೆಯ ವಿಚಾರ. ಪೆಟ್ರೋಲಿನಲ್ಲಿರುವ ಶಕ್ತಿಯಲ್ಲಿ ಸುಮಾರು ಕಾಲುಭಾಗ ಮಾತ್ರ ಚಲನೆಗೆ ಒದಗುತ್ತದೆ. ಉಳಿದುದರಲ್ಲಿ ಒಂದು ಪಾಲು ಹೊಗೆಯೊಡನೆ ಹೋದರೆ ಇನ್ನೊಂದು ಪಾಲು ಸಿಲಿಂಡರಿನ ಗೋಡೆಯ ಮೂಲಕ ಹೊರಬೀಳಬೇಕು. ಅದಕ್ಕಾಗಿಯೇ ಸಿಲಿಂಡರಿನ ಸುತ್ತ ತೆಳುವಾದ ರೆಕ್ಕೆಗಳನ್ನು ಎರಕಹೊಯ್ದಿರುತ್ತಾರೆ. ಅವುಗಳಿಂದ ಗಾಳಿಗೆ ಹರಿಯುವ ಶಾಖವು ಎರಡು ಅಂಶಗಳನ್ನು ಅವಲಂಬಿಸಿದೆ: ರೆಕ್ಕೆಗೂ ಗಾಳಿಗೂ ನಡುವಣ ಉಷ್ಣತೆಯ ವ್ಯತ್ಯಾಸ ಮತ್ತು ಗಾಳಿ ಬೀಸುವ ವೇಗ. ಬಿಸಿಲ ಸೀಮೆಯೆಂಬ ವಾದವನ್ನು ಈ ಎರಡು ಅಂಶಗಳಿಂದ ಪರೀಕ್ಷಿಸೋಣ. ಲೋಹದ ಉಷ್ಣತೆ 180 ಡಿಗ್ರಿ ಸೆಂಟಿಗ್ರೇಡ್ ಇದೆಯೆಂದು ಎಣಿಸಿದರೆ, 25 ಡಿಗ್ರಿಯ ದಿನದಲ್ಲಿ ವ್ಯತ್ಯಾಸವು 155. 40 ಡಿಗ್ರಿಯ ವೈಶಾಖದಲ್ಲಿ 140. ಅಂದರೆ ತಣಿಸುವ ಸಾಮರ್ಥ್ಯ ನೂರಕ್ಕೆ ಹತ್ತರಷ್ಟು ಮಾತ್ರ ಕುಗ್ಗಿತು. ಆದರೆ ಶಾಖವನ್ನು ಸೆಳೆಯುವ ಗಾಳಿಯ ಶಕ್ತಿಯು ವೇಗದ ಸುಮಾರು 0.6ನೆಯ ಘಾತದಂತೆ ಬದಲಾಗುತ್ತದೆ. ಗಂಟೆಗೆ 50 ಕಿಲೋಮೀಟರಿನಲ್ಲಿ ಹೋಗುತ್ತಿದ್ದವನು 10 ಕಿಲೋಮೀಟರಿಗೆ ಇಳಿದರೆ ಆ ಶಕ್ತಿ ನೂರಕ್ಕೆ 38ಕ್ಕೆ ಬಂದು ನಿಲ್ಲುತ್ತದೆ. ನಿಧಾನವಾಗಿ ಹೋಗುವಾಗ ಎಂಜಿನ್ನಿನಲ್ಲಿ ಹುಟ್ಟುವ ಶಾಖವೂ ಕಡಿಮೆಯೆಂಬುದು ನಿಜ. ಆದರೆ ಹಿಂದೆ ಎರಡು ಚೀಲ ಹೇರಿಕೊಂಡು ಮೊದಲನೆಯ ಗೇರಿನಲ್ಲಿ ಏರು ಹತ್ತುವವನಿಗೆ ಈ ಸಮಾಧಾನ ಸಲ್ಲದು.

ಆದ್ದರಿಂದ ನಮ್ಮ ಸೀಮೆಯಲ್ಲಿ ಎಂಜಿನ್ನಿಗೆ ಅತ್ಯಂತ ಕಷ್ಟದ ಕಾಲ ಯಾವುದೆಂದು ಕೇಳಿದರೆ, ಮೇ ತಿಂಗಳ ತೆರವಾದ ರಸ್ತೆಗಿಂತ ಕಬ್ಬು ನುರಿಸುವ ಹಂಗಾಮಿನ ತುಂಬಿದ ರಸ್ತೆಯೇ ಎಂದು ಹೇಳಬೇಕಾಗುತ್ತದೆ. ಆ ತಿಂಗಳುಗಳಲ್ಲಿ ಮುಧೋಳ, ಜಮಖಂಡಿ, ಸಮೀರವಾಡಿಗಳ ಕಾರ್ಖಾನೆಗಳಿಗೆ ಹೋಗುವ ದಾರಿಗಳಲ್ಲಿ ಎರಡೆರಡು ತೇರುಗಳಂತೆ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲನ್ನು ಕಂಡವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಅವುಗಳ ಹಿಂದೆ ಸಿಕ್ಕಿಕೊಂಡ ಸವಾರನ ಎಂಜಿನ್ನಿಗೆ ಗಾಳಿಯೇ ಇಲ್ಲ. ಆಗ ಶಾಖವನ್ನು ಹೊತ್ತು ಕೆಳಗಿನ ತೊಟ್ಟಿಗೆ ಸಾಗಿಸುವ ಕೆಲಸ ಹೆಚ್ಚಾಗಿ ಎಣ್ಣೆಯ ಪಾಲಿಗೆ ಬೀಳುತ್ತದೆ. ಗಾಳಿಯಿಂದ ತಣಿಯುವ ಎಂಜಿನ್ನು ಎಂಬ ಹೆಸರು ವಾಸ್ತವವಾಗಿ ಅರ್ಧಸತ್ಯ. ಅದು ಗಾಳಿಯಿಂದಲೂ ಎಣ್ಣೆಯಿಂದಲೂ ತಣಿಯುವ ಎಂಜಿನ್ನು.

ಈಗ ಡಬ್ಬಿಯ ಮೇಲಿನ ಅಂಕಿಗಳಿಗೆ ಬರೋಣ. 10ಡಬ್ಲ್ಯು-30, 20ಡಬ್ಲ್ಯು-50 ಮುಂತಾದ ಸಂಕೇತಗಳು ಅಮೆರಿಕದ ಎಸ್.ಎ.ಇ. ಸಂಸ್ಥೆಯ ವರ್ಗೀಕರಣಕ್ಕೆ ಸೇರಿದವು. ಈ ವರ್ಗೀಕರಣದ ಮೊದಲ ರೂಪ ಬಂದುದು 1911ರಲ್ಲಿ. ಇಲ್ಲಿ ಡಬ್ಲ್ಯು ಎಂಬುದು ಚಳಿಗಾಲವನ್ನು ಸೂಚಿಸುವ ಅಕ್ಷರ. ಅದರ ಹಿಂದಿನ ಅಂಕಿ ಹೆಪ್ಪುಗಟ್ಟುವ ಚಳಿಯಲ್ಲಿ ಎಣ್ಣೆ ಹೇಗೆ ವರ್ತಿಸುತ್ತದೆಂಬುದಕ್ಕೆ ಸಂಬಂಧಿಸಿದ್ದು. ಎಂಜಿನ್ನು ತಿರುಗಲು ಎಣ್ಣೆ ಒಡ್ಡುವ ತಡೆಯನ್ನು 20ಡಬ್ಲ್ಯು ಎಣ್ಣೆಯಲ್ಲಿ ಸೊನ್ನೆಗಿಂತ 15 ಡಿಗ್ರಿ ಕೆಳಗೂ, 10ಡಬ್ಲ್ಯು ಎಣ್ಣೆಯಲ್ಲಿ 25 ಡಿಗ್ರಿ ಕೆಳಗೂ ಅಳೆಯುತ್ತಾರೆ. ಮಾಗಿಯ ಮುಂಜಾವಿನಲ್ಲಿಯೂ ಉಷ್ಣತೆ ಹತ್ತು ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪವಾದ ನಮ್ಮ ಸೀಮೆಗೆ ಈ ಪರೀಕ್ಷೆಗಳ ಪ್ರಸಕ್ತಿ ಅಷ್ಟಾಗಿ ಇಲ್ಲ. ಎರಡನೆಯ ಅಂಕಿಯೇ ನಮಗೆ ಮುಖ್ಯ. ಅದು 100 ಡಿಗ್ರಿಯಲ್ಲಿ ಎಣ್ಣೆಯ ಸ್ನಿಗ್ಧತೆ ಯಾವ ಮಿತಿಯೊಳಗಿದೆ ಎಂಬುದನ್ನು ತಿಳಿಸುತ್ತದೆ. 30 ಎಂದರೆ 9.3ರಿಂದ 12.5 ಸೆಂಟಿಸ್ಟೋಕ್, 40 ಎಂದರೆ 12.5ರಿಂದ 16.3, 50 ಎಂದರೆ 16.3ರಿಂದ 21.9. ಈ ಅಂಕಿಗಳು ಗುಣದ ಶ್ರೇಣಿಗಳಲ್ಲ. ಐವತ್ತು ಮೂವತ್ತಕ್ಕಿಂತ ಉತ್ತಮವೆಂದು ಭಾವಿಸುವುದು ಹತ್ತಡಿಯ ಏಣಿ ಆರಡಿಯದಕ್ಕಿಂತ ಉತ್ತಮವೆಂದು ಹೇಳಿದಂತೆ. ಎಷ್ಟು ಎತ್ತರ ಏರಬೇಕೆಂಬುದನ್ನು ಮೊದಲು ಕೇಳಬೇಕು.

ಎರಡು ಮಾದರಿ ಎಣ್ಣೆಗಳನ್ನು ತೆಗೆದುಕೊಂಡು ಲೆಕ್ಕ ಹಾಕಿ ನೋಡಬಹುದು. 10ಡಬ್ಲ್ಯು-30 ಎಣ್ಣೆಯೊಂದರ ಸ್ನಿಗ್ಧತೆ 40 ಡಿಗ್ರಿಯಲ್ಲಿ 70, 100 ಡಿಗ್ರಿಯಲ್ಲಿ 10.5 ಸೆಂಟಿಸ್ಟೋಕ್ ಇರಲಿ. 20ಡಬ್ಲ್ಯು-50 ಎಣ್ಣೆಯೊಂದರದು ಕ್ರಮವಾಗಿ 155 ಮತ್ತು 18 ಇರಲಿ. ಇವು ಮಾರುಕಟ್ಟೆಯ ಎಣ್ಣೆಗಳಲ್ಲಿ ಕಾಣಬರುವಂಥ ಬೆಲೆಗಳೇ. ಉಷ್ಣತೆಗೂ ಸ್ನಿಗ್ಧತೆಗೂ ಇರುವ ವಾಲ್ಥರನ ಸಮೀಕರಣವನ್ನು ಇವುಗಳಿಗೆ ಅನ್ವಯಿಸಿದರೆ, 130 ಡಿಗ್ರಿಯಲ್ಲಿ ಮೊದಲನೆಯದು ಸುಮಾರು 5.9ಕ್ಕೂ ಎರಡನೆಯದು ಸುಮಾರು 9.3ಕ್ಕೂ ಇಳಿಯುತ್ತವೆ. ಅಂದರೆ ಅತಿ ದಪ್ಪನೆಯ ಎಣ್ಣೆಯೂ ಕಾದಾಗ ತೆಳುವಾದದ್ದೇ. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, 100 ಡಿಗ್ರಿಯಲ್ಲಿ ಮೊದಲನೆಯ ಎಣ್ಣೆಗಿರುವ ಸ್ನಿಗ್ಧತೆಯೇ ಎರಡನೆಯದಕ್ಕೆ ಸುಮಾರು 124 ಡಿಗ್ರಿಯಲ್ಲಿ ಇರುತ್ತದೆ. ದಪ್ಪನೆಯ ಎಣ್ಣೆಯಿಂದ ನಾವು ಕೊಳ್ಳುವುದು ಈ 24 ಡಿಗ್ರಿಯ ಅವಕಾಶವನ್ನು, ಹೆಚ್ಚಿಲ್ಲ, ಕಡಿಮೆಯಿಲ್ಲ. ಈ ಅವಕಾಶ ತನಗೆ ಬೇಕೆ ಎಂಬುದು ಸವಾರನ ಪ್ರಶ್ನೆಯಾಗಿರಬೇಕು.

ಅದಕ್ಕೆ ತೆರಬೇಕಾದ ಬೆಲೆಯನ್ನೂ ನೋಡಬೇಕು. ಅದೇ ಸಮೀಕರಣದಂತೆ 20 ಡಿಗ್ರಿಯ ಮುಂಜಾವಿನಲ್ಲಿ ಮೊದಲನೆಯ ಎಣ್ಣೆಯ ಸ್ನಿಗ್ಧತೆ ಸುಮಾರು 195, ಎರಡನೆಯದರದು ಸುಮಾರು 490. ಎಂಜಿನ್ನನ್ನು ಚಾಲೂ ಮಾಡಿದ ಕೂಡಲೆ ತಲೆಯ ಮೇಲಿನ ಕ್ಯಾಮಿಗೆ ಎಣ್ಣೆ ತಲುಪಬೇಕಾದಾಗ ಈ ಎರಡೂವರೆ ಪಟ್ಟಿನ ವ್ಯತ್ಯಾಸ ಅಲಕ್ಷ್ಯಮಾಡತಕ್ಕದ್ದಲ್ಲ. ಸವೆತದ ಗಣನೀಯ ಭಾಗವು ನಡೆಯುವುದು ಎಣ್ಣೆಯಿನ್ನೂ ಎಲ್ಲೆಡೆ ಹರಡದ ಈ ಮೊದಲ ಕ್ಷಣಗಳಲ್ಲಿಯೇ. ಅಲ್ಲದೆ ನೂರು ಸಿ.ಸಿ.ಯ ಸಾಮಾನ್ಯ ಎಂಜಿನ್ನಿನಲ್ಲಿ ಕ್ರ್ಯಾಂಕು ತಿರುಗುವುದು ಗುಂಡು ಮತ್ತು ಉರುಳೆಗಳ ಬೇರಿಂಗಿನ ಮೇಲೆ. ಕಾರಿನ ಎಂಜಿನ್ನಿನ ನಯವಾದ ಬೇರಿಂಗಿನಂತೆ ಇದು ಎಣ್ಣೆಯ ದಪ್ಪ ಪದರದ ಮೇಲೆ ತೇಲಬೇಕಾಗಿಲ್ಲ. ಸಿಂಪಡಿಸಿದ ತೆಳುವಾದ ಎಣ್ಣೆಯೇ ಅದಕ್ಕೆ ಸಾಕು. ಹೀರೋ ಸಂಸ್ಥೆಯು ತನ್ನ ಸ್ಪ್ಲೆಂಡರ್ ವಾಹನಕ್ಕೆ 10ಡಬ್ಲ್ಯು-30 ಎಣ್ಣೆಯನ್ನು ಹೇಳಿರುವುದು ಈ ರಚನೆಯನ್ನು ಬಲ್ಲುದರಿಂದಲೇ. ನಮ್ಮ ಬಿಸಿಲನ್ನು ಅರಿಯದೆ ಅಲ್ಲ. ಬಜಾಜ್ ಸಂಸ್ಥೆಯು ತನ್ನ ಹಲವು ವಾಹನಗಳಿಗೆ 20ಡಬ್ಲ್ಯು-50 ಎಣ್ಣೆಯನ್ನೂ, ರಾಯಲ್ ಎನ್‌ಫೀಲ್ಡ್ ಸಂಸ್ಥೆಯು ತನ್ನ 350 ಸಿ.ಸಿ.ಯ ದೊಡ್ಡ ಸಿಲಿಂಡರಿಗೆ 15ಡಬ್ಲ್ಯು-50 ಎಣ್ಣೆಯನ್ನೂ ಸೂಚಿಸಿವೆ. ಒಂದೇ ದೇಶ, ಒಂದೇ ಬಿಸಿಲು, ಮೂರು ಬಗೆಯ ಸೂಚನೆ. ಸ್ನಿಗ್ಧತೆಯನ್ನು ನಿರ್ಣಯಿಸುವುದು ಊರಿನ ಬಿಸಿಲಿಗಿಂತ ಹೆಚ್ಚಾಗಿ ಎಂಜಿನ್ನಿನೊಳಗಣ ಸಂದಿಗಳ ಅಳತೆ ಮತ್ತು ಬೇರಿಂಗಿನ ಬಗೆ ಎಂಬುದು ಇದರಿಂದ ವ್ಯಕ್ತವಾಗುತ್ತದೆ. ವಾಹನದೊಡನೆ ಬರುವ ಕೈಪಿಡಿಯ ಒಂದು ಸಾಲು ಮೇಸ್ತ್ರಿಯ ಹತ್ತು ವರ್ಷಗಳ ರೂಢಿಗಿಂತ ಈ ವಿಷಯದಲ್ಲಿ ಹೆಚ್ಚು ಪ್ರಮಾಣಭೂತವಾದದ್ದು. ಹಳೆಯದಾಗಿ ಎಣ್ಣೆಯನ್ನು ಉರಿಸತೊಡಗಿದ ಎಂಜಿನ್ನಿಗೆ ಒಂದು ಮೆಟ್ಟಿಲು ದಪ್ಪನೆಯ ಎಣ್ಣೆ ಹಾಕುವುದುಂಟು. ಅದನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಅದು ಊರುಗೋಲು, ಚಿಕಿತ್ಸೆಯಲ್ಲ.

ಎಣ್ಣೆಯ ಸ್ನಿಗ್ಧತೆ ಡಬ್ಬಿಯಲ್ಲಿದ್ದಂತೆಯೇ ಎಂಜಿನ್ನಿನಲ್ಲಿಯೂ ಉಳಿಯುವುದಿಲ್ಲವೆಂಬುದು ಮುಂದಿನ ಮಾತು. ಬಹುಶ್ರೇಣಿಯ ಎಣ್ಣೆಗಳಲ್ಲಿ ಉದ್ದುದ್ದನೆಯ ಸರಪಳಿಯಂಥ ಅಣುಗಳನ್ನು ಬೆರೆಸಿರುತ್ತಾರೆ. ಅವು ಕಾದಾಗ ಬಿಚ್ಚಿಕೊಂಡು, ಎಣ್ಣೆ ತೀರ ತೆಳುವಾಗದಂತೆ ನೋಡಿಕೊಳ್ಳುತ್ತವೆ. ಆದರೆ ಗೇರಿನ ಹಲ್ಲುಗಳ ನಡುವೆ ಸಿಕ್ಕಿದಾಗ ಈ ಸರಪಳಿಗಳು, ಗಾಣಕ್ಕೆ ಕೊಟ್ಟ ಕಬ್ಬಿನಂತೆ, ಜಜ್ಜಿ ತುಂಡಾಗುತ್ತವೆ. ಐವತ್ತರ ಎಣ್ಣೆ ಕ್ರಮೇಣ ನಲವತ್ತರ ಮಟ್ಟಕ್ಕೆ ಇಳಿಯಬಹುದು. ಇದನ್ನು ಮನಗಂಡೇ ಜಪಾನಿನ ವಾಹನ ಪ್ರಮಾಣ ಸಂಸ್ಥೆಯಾದ ಜಾಸೊ 1998ರಲ್ಲಿ ಮೋಟಾರು ಸೈಕಲ್ಲಿನ ಎಣ್ಣೆಗಾಗಿಯೇ ಟಿ 903 ಎಂಬ ಪ್ರತ್ಯೇಕ ಪ್ರಮಾಣವನ್ನು ರೂಪಿಸಿತು. ಅರೆಯುವ ಪರೀಕ್ಷೆಯ ಅನಂತರವೂ ಮೂವತ್ತರ ಎಣ್ಣೆ 9ಕ್ಕೂ, ನಲವತ್ತರದು 12ಕ್ಕೂ, ಐವತ್ತರದು 15 ಸೆಂಟಿಸ್ಟೋಕಿಗೂ ಕಡಿಮೆಯಾಗಬಾರದೆಂಬುದು ಅದರ ನಿಯಮಗಳಲ್ಲೊಂದು.

ಅದೇ ಪ್ರಮಾಣದ ಇನ್ನೊಂದು ಭಾಗ ಕ್ಲಚ್ಚಿಗೆ ಸಂಬಂಧಿಸಿದೆ. ಕೀಲೆಣ್ಣೆ ಎಂದರೆ ಜಾರಿಸುವುದು. ಕ್ಲಚ್ಚು ಎಂದರೆ ಜಾರದೆ ಹಿಡಿಯಬೇಕಾದದ್ದು. ಈ ಎರಡೂ ಒಂದೇ ತೊಟ್ಟಿಯಲ್ಲಿ ಸಂಸಾರ ಮಾಡಬೇಕಾಗಿದೆ. ಕಾರುಗಳ ಇಂಧನವನ್ನು ಉಳಿಸುವುದಕ್ಕಾಗಿ ತಯಾರಾದ ಎಣ್ಣೆಗಳಲ್ಲಿ, ಮುಖ್ಯವಾಗಿ 30ರ ಮತ್ತು ಅದಕ್ಕಿಂತ ತೆಳುವಾದ ಶ್ರೇಣಿಗಳಲ್ಲಿ, ಘರ್ಷಣೆಯನ್ನು ಬಹಳವಾಗಿ ತಗ್ಗಿಸುವ ದ್ರವ್ಯಗಳಿರುವುದುಂಟು. ಅಂಥ ಎಣ್ಣೆಯನ್ನು ಮೋಟಾರು ಸೈಕಲ್ಲಿಗೆ ಹಾಕಿದರೆ ಎಂಜಿನ್ನು ಕೂಗುತ್ತದೆ, ಗಾಡಿ ಓಡುವುದಿಲ್ಲ. ಕ್ಲಚ್ಚಿನ ಬಿಲ್ಲೆಗಳು ಸುಟ್ಟು ಎಣ್ಣೆಯನ್ನೂ ಕೆಡಿಸುತ್ತವೆ. ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿಗೆ ಯೋಗ್ಯವಾದ ಎಣ್ಣೆಯ ಡಬ್ಬಿಯ ಮೇಲೆ ಜಾಸೊ ಎಂ.ಎ., ಎಂ.ಎ.1 ಅಥವಾ ಎಂ.ಎ.2 ಎಂಬ ಗುರುತು ಇರುತ್ತದೆ. ಎಂ.ಬಿ. ಎಂಬುದು ಒಣ ಕ್ಲಚ್ಚಿನ ಸ್ಕೂಟರಿಗೆ ಸಲ್ಲುವುದು. ಅದನ್ನು ಗೇರಿನ ಮೋಟಾರು ಸೈಕಲ್ಲಿಗೆ ಬಳಸಕೂಡದು. ಸ್ನಿಗ್ಧತೆಯ ಅಂಕಿಯಲ್ಲಿ ಒಂದು ಮೆಟ್ಟಿಲು ಅತ್ತಿತ್ತಾದರೆ ಕ್ಷಮಿಸುವ ಎಂಜಿನ್ನು ಈ ಗುರುತಿನಲ್ಲಿ ತಪ್ಪಾದರೆ ಕ್ಷಮಿಸಲಾರದು.

ನಮ್ಮ ಕಡೆಯ ರೈತರಲ್ಲಿ ಟ್ರ್ಯಾಕ್ಟರಿಗೆ ತಂದ ಎಣ್ಣೆಯಲ್ಲಿ ಉಳಿದುದನ್ನು ಮೋಟಾರು ಸೈಕಲ್ಲಿಗೆ ಸುರಿಯುವ ಪದ್ಧತಿಯಿದೆ. ಇದನ್ನು ಪೂರ್ತಿಯಾಗಿ ಖಂಡಿಸುವುದು ನ್ಯಾಯವಲ್ಲ. ಡೀಸೆಲ್ ಎಣ್ಣೆಗಳಲ್ಲಿ ಘರ್ಷಣೆ ತಗ್ಗಿಸುವ ದ್ರವ್ಯಗಳು ಸಾಧಾರಣವಾಗಿ ಕಡಿಮೆ. ಆದಕಾರಣ ಕ್ಲಚ್ಚು ಕೂಡಲೆ ಜಾರಲಾರದು. ಆದರೆ ಮಸಿಯನ್ನು ತೊಳೆಯುವುದಕ್ಕಾಗಿ ಅವುಗಳಲ್ಲಿ ಲೋಹಯುಕ್ತ ಶೋಧಕಗಳು ಹೆಚ್ಚಾಗಿರುತ್ತವೆ. ಪಿಸ್ಟನ್ನಿನ ಉಂಗುರಗಳನ್ನು ದಾಟಿ ಉರಿಯುವ ಕೋಣೆಗೆ ಸೇರಿದ ಎಣ್ಣೆ ಸುಟ್ಟಾಗ ಇವು ಬೂದಿಯಾಗಿ ಕವಾಟ ಮತ್ತು ಪಿಸ್ಟನ್ನಿನ ಮೇಲೆ ಕೂರುತ್ತವೆ. ಜಾಸೊ ಪ್ರಮಾಣವು ಈ ಬೂದಿಗೆ ನೂರಕ್ಕೆ 1.2ರ ಮಿತಿಯನ್ನು ವಿಧಿಸಿದೆ. ಟ್ರ್ಯಾಕ್ಟರಿನ ಎಣ್ಣೆಗೆ ಆ ಮಿತಿಯ ಬಂಧನವಿಲ್ಲ. ದಾರಿಯಲ್ಲಿ ಎಣ್ಣೆ ಬತ್ತಿದಾಗ ಆಪತ್ಕಾಲಕ್ಕೆ ಸರಿ, ನಿತ್ಯಕ್ಕೆ ಬೇಡ ಎಂಬುದು ನನ್ನ ಅಭಿಪ್ರಾಯ.

ಎ.ಪಿ.ಐ. ಎಂಬ ಗುರುತಿನ ಮುಂದೆ ಬರುವ ಎಸ್.ಎಲ್., ಎಸ್.ಎನ್. ಮುಂತಾದ ಅಕ್ಷರಗಳ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಎರಡನೆಯ ಅಕ್ಷರ ಮುಂದುವರಿದಷ್ಟೂ ಎಣ್ಣೆ ಹೊಸ ಕಾಲದ್ದು, ಎಸ್.ಎನ್. ಬಂದುದು 2010ರಲ್ಲಿ, ಎಸ್.ಪಿ. ಬಂದುದು 2020ರಲ್ಲಿ. ಕೈಪಿಡಿ ಹೇಳಿದ ಅಕ್ಷರವಾಗಲಿ ಅದರ ಮುಂದಿನದಾಗಲಿ ಸಾಕು, ಜೊತೆಯಲ್ಲಿ ಎಂ.ಎ. ಗುರುತು ಇದ್ದರೆ.

ಇಷ್ಟರಿಂದ ಡಬ್ಬಿಯ ಆಯ್ಕೆ ಮುಗಿಯಿತು. ಆದರೆ ನಮ್ಮ ಸೀಮೆಯ ವೈಶಿಷ್ಟ್ಯ ಇರುವುದು ಆಯ್ಕೆಯಲ್ಲಿ ಅಲ್ಲ, ಆಯ್ದ ಎಣ್ಣೆ ಎಷ್ಟು ಬೇಗ ಕೆಡುತ್ತದೆಂಬುದರಲ್ಲಿ. ಶಾಖದಿಂದ ಎಣ್ಣೆ ಆಮ್ಲಜನಕದೊಡನೆ ಕೂಡಿ ಹುಳಿಯಾಗುತ್ತದೆ, ಕಂದುತ್ತದೆ, ಅಂಟಾಗುತ್ತದೆ. ಹತ್ತು ಡಿಗ್ರಿ ಏರಿದರೆ ಈ ಕ್ರಿಯೆಯ ವೇಗ ಸುಮಾರು ಇಮ್ಮಡಿಯಾಗುತ್ತದೆಂಬುದು ರಸಾಯನಶಾಸ್ತ್ರದ ಸ್ಥೂಲನಿಯಮ. ವಾತಾವರಣ 15 ಡಿಗ್ರಿ ಬಿಸಿಯಾಗಿ, ಎಣ್ಣೆಯೂ ಅಷ್ಟೇ ಏರಿತೆಂದು ಭಾವಿಸಿದರೆ ಕೆಡುವ ವೇಗ ಸುಮಾರು ಮೂರು ಪಟ್ಟಾಗುತ್ತದೆ. ಸ್ನಿಗ್ಧತೆಯ ಮೇಲೆ ಅಲ್ಪವಾಗಿ ಕಂಡ ಬಿಸಿಲಿನ ಪ್ರಭಾವ ಎಣ್ಣೆಯ ಆಯುಸ್ಸಿನ ಮೇಲೆ ಇಷ್ಟು ದೊಡ್ಡದಾಗಿ ಕಾಣುತ್ತದೆ. ಬಿಸಿಲ ಸೀಮೆಯವರು ಕೇಳಬೇಕಾದದ್ದು ದಪ್ಪನೆಯ ಎಣ್ಣೆಯನ್ನಲ್ಲ, ಹೊಸ ಎಣ್ಣೆಯನ್ನು.

ಧೂಳು ಇದಕ್ಕಿಂತಲೂ ಕ್ರೂರವಾದ ಶತ್ರು. ಆಲಮಟ್ಟಿಯ ಹಿನ್ನೀರಿನಿಂದ ಮುಳುಗಡೆಯಾದ ಬೀಳಗಿ ತಾಲೂಕಿನ ಹಳ್ಳಿಗಳವರು ಪುನರ್ವಸತಿ ಕೇಂದ್ರಗಳಿಂದ ಉಳಿದ ಹೊಲಗಳಿಗೆ ಹೋಗಿಬರುವ ಕಚ್ಚಾ ದಾರಿಗಳಲ್ಲಿ, ಬೇಸಿಗೆಯಲ್ಲಿ, ಮುಂದಿನ ಗಾಡಿ ಕಾಣದಷ್ಟು ಧೂಳೇಳುತ್ತದೆ. ಎಲ್ಲ ಧೂಳೂ ಒಂದೇ ಅಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಖನಿಜಗಳ ಕಾಠಿಣ್ಯವನ್ನು ಅಳೆಯುವ ಮೋಸನ ಶ್ರೇಣಿಯಲ್ಲಿ ಎರೆಮಣ್ಣಿನ ಜೇಡಿ ಖನಿಜಗಳ ಸ್ಥಾನ ಒಂದೆರಡು. ಲೋಕಾಪುರದ ಕಡೆಯ ಸುಣ್ಣಗಲ್ಲಿನ ಪುಡಿಯದು ಮೂರು. ಇವು ಉಕ್ಕನ್ನು ಗೀರಲಾರವು. ಆದರೆ ಮಣ್ಣಿನಲ್ಲಿಯೂ, ಕೃಷ್ಣಾ ಘಟಪ್ರಭಾ ನದಿಗಳ ಮರಳಿನಲ್ಲಿಯೂ ಬೆರೆತಿರುವ ಬೆಣಚುಕಲ್ಲಿನ ಕಣಗಳ ಕಾಠಿಣ್ಯ ಏಳು. ಪಿಸ್ಟನ್ನಿಗೂ ಸಿಲಿಂಡರಿಗೂ ನಡುವಣ ಎಣ್ಣೆಯ ಪದರದ ದಪ್ಪ ಮಿಲಿಮೀಟರಿನ ಸಾವಿರದ ಕೆಲವೇ ಪಾಲು. ಕಣ್ಣಿಗೆ ಕಾಣದಷ್ಟು ಸಣ್ಣದಾದ ಬೆಣಚಿನ ಕಣವೂ ಆ ಪದರವನ್ನು ಸೀಳಿ ಎರಡೂ ಕಡೆಯ ಲೋಹವನ್ನು ತರಿಯುತ್ತದೆ. ಎಷ್ಟೇ ದುಬಾರಿಯ ಎಣ್ಣೆಯೂ ಇದನ್ನು ತಡೆಯಲಾರದು. ಅನೇಕ ಸಣ್ಣ ಎಂಜಿನ್ನುಗಳಲ್ಲಿ ಕಾಗದದ ಎಣ್ಣೆ ಶೋಧಕವೇ ಇರುವುದಿಲ್ಲ. ಒಂದು ಜಾಲರಿ, ಮತ್ತು ತಿರುಗುವ ಬಲದಿಂದ ಕಸವನ್ನು ಅಂಚಿಗೆ ಎಸೆಯುವ ಒಂದು ಬಟ್ಟಲು, ಇಷ್ಟೇ ರಕ್ಷಣೆ. ಆದ್ದರಿಂದ ಕಣಗಳು ಒಳಗೆ ಬಾರದಂತೆ ಗಾಳಿಯ ಶೋಧಕವನ್ನು ಶುಚಿಯಾಗಿಡುವುದೂ, ಬಂದುವನ್ನು ಎಣ್ಣೆಯೊಡನೆ ಹೊರಕ್ಕೆ ಚೆಲ್ಲುವುದೂ ಬಿಟ್ಟು ಬೇರೆ ದಾರಿಯಿಲ್ಲ. ಜೋಡಿಸಿದ ಎಣ್ಣೆಯೆಂದು ಕರೆಯುವ ಸಿಂಥೆಟಿಕ್ ಎಣ್ಣೆಗೆ ಎರಡು ಮೂರು ಪಟ್ಟು ಬೆಲೆ ತೆತ್ತು, ದೀರ್ಘಕಾಲ ಬಾಳುತ್ತದೆಂದು ಹಾಗೆಯೇ ಬಿಡುವ ಧೂಳುದಾರಿಯ ಸವಾರನಿಗಿಂತ, ಸಾಧಾರಣ ಖನಿಜ ಎಣ್ಣೆಯನ್ನು ಎರಡು ಸಲ ಬದಲಿಸುವವನು ಜಾಣನೆಂದು ನಾನು ಭಾವಿಸುತ್ತೇನೆ.

ನೀರು ಮೂರನೆಯ ಶತ್ರು. ಈ ಪ್ರಸಂಗದಲ್ಲಿ ಎಥನಾಲಿನ ಮಾತನ್ನೂ ಎತ್ತಬೇಕು. ಏಕೆಂದರೆ ನಮ್ಮ ಕಬ್ಬೇ ಕಾರ್ಖಾನೆಗಳಲ್ಲಿ ಎಥನಾಲಾಗಿ, ಪೆಟ್ರೋಲಿನೊಡನೆ ಬೆರೆತು, ನಮ್ಮ ವಾಹನಗಳಿಗೇ ಹಿಂದಿರುಗುತ್ತಿದೆ. ದೇಶದಲ್ಲಿ ಈ ಬೆರಕೆಯು 2025ರಲ್ಲಿ ನೂರಕ್ಕೆ 20ರ ಮಟ್ಟವನ್ನು ಮುಟ್ಟಿತು. ಇದರಿಂದ ಎಣ್ಣೆಯಲ್ಲಿ ನೀರು ಸೇರುತ್ತದೆಂಬ ಅಂಜಿಕೆ ಬಹಳವಾಗಿ ಕೇಳಿಬರುತ್ತದೆ. ಲೆಕ್ಕ ಹೀಗಿದೆ: ಪೆಟ್ರೋಲನ್ನು ಆಕ್ಟೇನ್ ಎಂದೇ ಎಣಿಸಿದರೆ, ಒಂದು ಲೀಟರು ಉರಿದಾಗ ಹುಟ್ಟುವ ನೀರು ಸುಮಾರು 1.05 ಲೀಟರು. ಒಂದು ಲೀಟರು ಎಥನಾಲಿನಿಂದ ಹುಟ್ಟುವುದು ಸುಮಾರು 0.93 ಲೀಟರು. ಎಥನಾಲಿನಲ್ಲಿ ಶಕ್ತಿ ಕಡಿಮೆಯಿರುವುದರಿಂದ ಅದೇ ಕೆಲಸಕ್ಕೆ ಹೆಚ್ಚು ಇಂಧನ ಬೇಕಾಗುವುದನ್ನೂ ಸೇರಿಸಿ ನೋಡಿದರೆ, ಬೆರಕೆಯ ಪೆಟ್ರೋಲಿನಿಂದ ಹುಟ್ಟುವ ನೀರು ಅದೇ ದಾರಿಗೆ ನೂರಕ್ಕೆ ಸುಮಾರು 5ರಷ್ಟು ಮಾತ್ರ ಹೆಚ್ಚು. ಹೊಗೆಯಲ್ಲಿನ ನೀರಿನ ಮಟ್ಟಿಗೆ ಎಥನಾಲಿನ ಮೇಲಿನ ಅಪವಾದ ಅತಿಯಾದದ್ದು. ಬೆರಕೆಗೆಂದು ರೂಪಿಸದ ಹಳೆಯ ವಾಹನಗಳ ರಬ್ಬರಿನ ಭಾಗಗಳಿಗೆ ಅದರಿಂದ ಆಗಬಹುದಾದ ತೊಂದರೆ ಬೇರೆಯ ವಿಷಯ.

ನೀರು ಎಣ್ಣೆಯಲ್ಲಿ ನಿಲ್ಲುವುದಕ್ಕೆ ನಿಜವಾದ ಕಾರಣ ಸಣ್ಣ ಸಣ್ಣ ಓಡಾಟ. ರಬಕವಿಯಿಂದ ಬನಹಟ್ಟಿಗೆ, ಮಗ್ಗದಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಎರಡು ಮೂರು ಕಿಲೋಮೀಟರು ಹೋಗಿ ನಿಲ್ಲಿಸುವ ವಾಹನದ ಎಣ್ಣೆ ನೀರನ್ನು ಆವಿಯಾಗಿಸುವಷ್ಟು ಕಾಯುವುದೇ ಇಲ್ಲ. ಉಂಗುರಗಳನ್ನು ದಾಟಿ ಕೆಳಗಿಳಿದ ಹಬೆ ತಣ್ಣನೆಯ ತೊಟ್ಟಿಯಲ್ಲಿ ಹನಿಯಾಗುತ್ತದೆ. ಮಳೆಗಾಲದಲ್ಲಿ ಎಣ್ಣೆ ಸುರಿಯುವ ಮುಚ್ಚಳದ ಒಳಗೆ ಕಾಣುವ ಹಾಲಿನ ಕೆನೆಯಂಥ ಪದಾರ್ಥ ಇದೇ. ವಾರಕ್ಕೊಮ್ಮೆ ಜಮಖಂಡಿಯವರೆಗೋ ಮುಧೋಳದವರೆಗೋ ಒಂದೇ ಓಟದಲ್ಲಿ ಹೋಗಿಬಂದರೆ ಅದು ಬಹುಮಟ್ಟಿಗೆ ಆವಿಯಾಗಿ ಹೋಗುತ್ತದೆ. ಕಿಲೋಮೀಟರು ಕಡಿಮೆ ಓಡಿದೆಯಾದ್ದರಿಂದ ಎಣ್ಣೆ ಇನ್ನೂ ಚೆನ್ನಾಗಿದೆಯೆಂಬ ಊಹೆ ಇಂಥ ವಾಹನಗಳಿಗೆ ಅನ್ವಯಿಸದು. ಕಡಿಮೆ ಓಡುವ ವಾಹನಕ್ಕೆ ಕಿಲೋಮೀಟರಿನ ಬದಲು ತಿಂಗಳ ಲೆಕ್ಕವನ್ನೇ ಹಿಡಿಯಬೇಕು.

ಒಟ್ಟಿನಲ್ಲಿ ಡಾಂಬರು ರಸ್ತೆಯಲ್ಲಿಯೇ ಓಡುವ ವಾಹನಕ್ಕೆ ಕೈಪಿಡಿಯ ಅವಧಿ ಸಾಕು. ಹೊಲದ ದಾರಿಯಲ್ಲಿ ನಿತ್ಯ ಓಡುವ, ಅಥವಾ ಹಂಗಾಮಿನ ಮೂರು ನಾಲ್ಕು ತಿಂಗಳು ಕಬ್ಬಿನ ಗಾಡಿಗಳ ಹಿಂದೆ ಭಾರ ಹೊತ್ತು ತೆವಳುವ ವಾಹನಕ್ಕೆ ಅದರ ಅರ್ಧವೇ ಯುಕ್ತವೆಂದು ನನ್ನ ಸಲಹೆ. ಇದೆಲ್ಲಕ್ಕೂ ಮೊದಲು ಎಣ್ಣೆಯ ಮಟ್ಟ. ಒಂದು ಲೀಟರಿನಲ್ಲಿ ಕಾಲು ಲೀಟರು ಕಡಿಮೆಯಾದರೆ ಉಳಿದ ಮುಕ್ಕಾಲು ಲೀಟರೇ ಪೂರ್ಣ ಶಾಖವನ್ನು ಹೊರಬೇಕು. ವಾಹನವನ್ನು ನೆಟ್ಟಗೆ ನಿಲ್ಲಿಸಿ, ಕೆಲವು ನಿಮಿಷ ಬಿಟ್ಟು, ಅಳತೆಗಡ್ಡಿಯನ್ನು ನೋಡುವುದಕ್ಕೆ ಯಾವ ವೆಚ್ಚವೂ ಇಲ್ಲ. ಹೊರತೆಗೆದ ಹಳೆಯ ಎಣ್ಣೆಯನ್ನು ಬಾಗಿಲಿನ ಚೌಕಟ್ಟಿಗೆ ಗೆದ್ದಲು ಹಿಡಿಯದಂತೆ ಬಳಿಯುವುದನ್ನೂ, ಉಳಿದುದನ್ನು ಹಳ್ಳಕ್ಕೆ ಸುರಿಯುವುದನ್ನೂ ಕಾಣುತ್ತೇವೆ. ಸವೆದ ಲೋಹ, ಉರಿದ ಇಂಧನದ ಶೇಷ ಇವೆಲ್ಲ ಅದರಲ್ಲಿವೆ. ಕಾನೂನಿನಲ್ಲಿಯೂ ಅದು ಅಪಾಯಕಾರಿ ತ್ಯಾಜ್ಯಗಳ ಪಟ್ಟಿಗೆ ಸೇರಿದೆ. ಘಟಪ್ರಭೆಯ ನೀರನ್ನೇ ಕುಡಿಯುವ ಊರುಗಳಲ್ಲಿ ಅದನ್ನು ಡಬ್ಬಿಯಲ್ಲಿ ತುಂಬಿ, ಸಂಗ್ರಹಿಸಿ ಪುನಃಶುದ್ಧಿಗೆ ಕಳುಹಿಸುವ ಗ್ಯಾರೇಜಿಗೆ ಒಪ್ಪಿಸುವುದೇ ಸರಿಯಾದ ಕ್ರಮ.

ಇಲ್ಲಿ ಹೇಳಿದುದರ ಬಹುಭಾಗವನ್ನು ಕಾಲೇಜಿನ ಪ್ರಯೋಗಶಾಲೆಯಲ್ಲಿಯೇ ಪರೀಕ್ಷಿಸಿ ನೋಡಬಹುದು. ಪದವಿ ತರಗತಿಗಳಲ್ಲಿ ಗ್ಲಿಸರಿನ್ ಅಥವಾ ಔಡಲೆಣ್ಣೆಯಿಂದ ಮಾಡಿಸುವ ಸ್ಟೋಕ್ಸನ ಪ್ರಯೋಗವನ್ನು ಈ ಎಣ್ಣೆಗಳಿಂದ ಮಾಡಿಸಬಹುದು. ಮೇಲೆ ಹೇಳಿದ ಎರಡು ಮಾದರಿಗಳಲ್ಲಿ, 30 ಡಿಗ್ರಿಯಲ್ಲಿ, ಒಂದು ಮಿಲಿಮೀಟರು ವ್ಯಾಸದ ಉಕ್ಕಿನ ಗುಂಡು ತೆಳುವಾದುದರಲ್ಲಿ ಸೆಕೆಂಡಿಗೆ ಸುಮಾರು 3.8 ಸೆಂಟಿಮೀಟರಿನಂತೆಯೂ, ದಪ್ಪನೆಯದರಲ್ಲಿ ಸುಮಾರು 1.6 ಸೆಂಟಿಮೀಟರಿನಂತೆಯೂ ಇಳಿಯಬೇಕು. ಸಾಧಾರಣ ನಿಲುಗಡಿಯಾರವೇ ಇದಕ್ಕೆ ಸಾಕು. ಗುಂಡು ಇದಕ್ಕಿಂತ ದೊಡ್ಡದಾದರೆ ತೆಳುವಾದ ಎಣ್ಣೆಯಲ್ಲಿ ಸ್ಟೋಕ್ಸನ ನಿಯಮ ಸರಿಯಾಗಿ ಹೊಂದುವುದಿಲ್ಲ. ನಳಿಗೆಯ ಗೋಡೆಯ ಪರಿಣಾಮಕ್ಕೂ ತಿದ್ದುಪಡಿ ಮಾಡಬೇಕು. ಬೀಳಗಿಯ ಹೊಲದ ದಾರಿಯ ಒಂದು ವಾಹನ, ಬನಹಟ್ಟಿಯ ಪೇಟೆಯ ಒಂದು ವಾಹನ, ಜಮಖಂಡಿ-ಮುಧೋಳ ರಸ್ತೆಯ ಒಂದು ವಾಹನ, ಹೀಗೆ ಒಂದೇ ಮಾದರಿಯ ಮೂರನ್ನು ಆರಿಸಿ, ಒಂದೇ ಎಣ್ಣೆಯನ್ನು ಹಾಕಿಸಿ, ಪ್ರತಿ ಐನೂರು ಕಿಲೋಮೀಟರಿಗೆ ಸ್ವಲ್ಪ ಸ್ವಲ್ಪ ತೆಗೆದು ಅಳೆಯುತ್ತ ಹೋದರೆ ಒಂದು ಹಂಗಾಮಿನೊಳಗೆ ಮೂರು ವಕ್ರರೇಖೆಗಳು ದೊರೆಯುತ್ತವೆ. ಜೊತೆಗೆ ಪ್ರತಿ ಮಾದರಿಯ ಒಂದು ಹನಿಯನ್ನು ಶೋಧಕ ಕಾಗದದ ಮೇಲೆ ಬಿಟ್ಟು ಒಂದು ದಿನ ಇಡಬೇಕು. ಮಧ್ಯದ ಕಪ್ಪು ಸುತ್ತಲೂ ಮೆಲ್ಲನೆ ಹರಡಿದ್ದರೆ ಎಣ್ಣೆಗೆ ಕೊಳೆಯನ್ನು ಹೊರುವ ಶಕ್ತಿ ಇನ್ನೂ ಇದೆ. ಕಪ್ಪು ನಡುವಿನಲ್ಲಿಯೇ ಗಡ್ಡೆಕಟ್ಟಿ ನಿಂತು ಹೊರಗೆ ಬರಿಯ ಎಣ್ಣೆಯ ವರ್ತುಲ ಮಾತ್ರ ಕಂಡರೆ ಅದು ಮುಗಿದಿದೆ.